ನೆಲ ಡೊಂಕು ಎನ್ನಲಾರದವನು

ಸಮಸ್ತ ನಾಗರಿಕರಿಗೂ, ಅದರಲ್ಲೂ ವಿಶೇಷವಾಗಿ ಕೋಟು ತೊಡುವ ನಾಗರಿಕರಿಗೂ, ಈ ಮೂಲಕ ಗಂಭೀರವಾಗಿ ತಿಳಿಯಪಡಿಸುವುದೇನೆಂದರೆ: ಸೋಮವಾರ ಬೆಳಗ್ಗೆ, ಮುಖ್ಯರಸ್ತೆಯ ತಿರುವಿನಲ್ಲಿರುವ ಕೋಟಿನ ಅಂಗಡಿಯಲ್ಲಿ, ಕಿಟಕಿ ಪಕ್ಕದಲ್ಲಿದ್ದ ಮೂರು ಕಾಲಿನ ಸ್ಟೂಲೊಂದನ್ನು ಅದರ ಮೂಲಸ್ಥಾನದಿಂದ ಎತ್ತಿ ಗೋಡೆಯ ಪಕ್ಕಕ್ಕೆ ಇಡಲಾಯಿತು. ಸ್ಟೂಲಿಗೆ ಯಾವುದೇ ಗಾಯಗಳಾಗಿಲ್ಲ. ಅದರ ಮೇಲೆ ಕೂರುತ್ತಿದ್ದವನ ಬಗ್ಗೆ ಹಾಗೆ ಹೇಳುವಂತಿಲ್ಲ.

ಕೂರುತ್ತಿದ್ದವನು ಆ ಮನೆಯ ದೊಡ್ಡಳಿಯ. ಎತ್ತಿಟ್ಟವರು ಅವನ ಮಾವ, ಅಂಗಡಿಯ ಯಜಮಾನರು. ಖಾಲಿಯಾದ ಜಾಗಕ್ಕೆ ತನ್ನ ಕುರ್ಚಿ ಎಳೆದುಕೊಂಡು ಬಂದವನು ಚಿಕ್ಕಳಿಯ, ಅಂದರೆ ದೊಡ್ಡಳಿಯನ ಹೆಂಡತಿಯ ತಂಗಿಯ ಗಂಡ, ಒಂದೇ ಮಾತಿನಲ್ಲಿ ಹೇಳಬೇಕೆಂದರೆ ಷಡ್ಡಕ. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ ಎಂದು ಮನುಷ್ಯನಿಗೆ ಆರು ವೈರಿಗಳಂತೆ. ಆ ಆರನ್ನೂ ಒಂದೇ ಅಂಗಿಯೊಳಗೆ ತುರುಕಿ ಗುಂಡಿ ಹಾಕಿದರೆ ಷಡ್ಡಕನಾಗುತ್ತಾನೆ, ಆ ಪದದಲ್ಲಿ 'ಷಡ್' ಇರುವುದೇ ಅದಕ್ಕೆ ಎಂಬುದು ದೊಡ್ಡಳಿಯನ ಭಾಷಾಶಾಸ್ತ್ರ. ಆರರಲ್ಲಿ ಕೊನೆಯದು ಮಾತ್ರ ತನ್ನ ಹೊಟ್ಟೆಯಲ್ಲೇ ಬಾಡಿಗೆಯಿಲ್ಲದೆ ಸಂಸಾರ ಹೂಡಿದೆ ಎಂಬುದು ಅವನ ಲೆಕ್ಕಕ್ಕೆ ಬಂದಿರಲಿಲ್ಲ.

"ಕಪ್ಪು ಬಟ್ಟೆಗೆ ಕಪ್ಪು ದಾರ, ಅವರಿಗೆ ಬೆಳಕು ಬೇಕು ಅಳಿಯಂದ್ರೇ," ಎಂದಿದ್ದರು ಮಾವ. "ನಿಮಗೇನು, ಕಣ್ಣು ಮುಚ್ಚಿಕೊಂಡು ಕೋಟು ಕತ್ತರಿಸ್ತೀರಿ."

ಹೊಗಳಿಕೆಯೇ ಅದು. ಆದರೆ ಹೊಟ್ಟೆಕಿಚ್ಚಿನವನ ಕಿವಿಗೆ ಹೊಗಳಿಕೆಯೂ ಒಳಗಿನ ಲೈನಿಂಗ್ ಹೊರಗಾಗಿ ಬೀಳುತ್ತದೆ. 'ಓಹೋ, ಹಾಗಾದರೆ ನಾನು ಕುರುಡ' ಎಂದುಕೊಂಡ ದೊಡ್ಡಳಿಯ.

ಒಂದೇ ಒಂದು ಸ್ಟೂಲಿನ ವಿಷಯವಾಗಿದ್ದರೆ ಸಹಿಸಿಕೊಳ್ಳುತ್ತಿದ್ದನೇನೋ. ಚಿಕ್ಕಳಿಯ ಈ ಮನೆಗೆ ಬಂದ ದಿನದಿಂದ ಜಗತ್ತೇ ಪಕ್ಷಾಂತರ ಮಾಡಿತ್ತು. ಅಂಗಡಿ ಕೆಳಗೆ, ಮನೆ ಮೇಲೆ. ಅತ್ತೆ ಮೇಲಿನಿಂದ ಕಾಫಿ ತಂದರೆ ಹಿಡಿ ಇರುವ ಕಪ್ಪು ಚಿಕ್ಕಳಿಯನಿಗೆ, ಹಿಡಿ ಮುರಿದದ್ದು ದೊಡ್ಡಳಿಯನಿಗೆ. ಕೇಳಿದರೆ, "ನಿಮಗೆ ಅಭ್ಯಾಸ ಆಗಿದೆಯಲ್ಲಪ್ಪಾ, ಅವರು ಹೊಸಬರು, ಕೈ ಸುಟ್ಟುಕೊಳ್ತಾರೆ" ಎಂಬ ಸಮಜಾಯಿಷಿ. ಹೊಸಬ ಎಷ್ಟು ವರ್ಷ ಹೊಸಬನಾಗಿರುತ್ತಾನೆ? ಗಿರಾಕಿಗಳು ಬಾಗಿಲಲ್ಲೇ ನಿಂತು, "ಆ ನಗುಮುಖದವರು ಇಲ್ವಾ?" ಎಂದು ಕೇಳುತ್ತಿದ್ದರು. ಕೇಳುತ್ತಿದ್ದುದು ದೊಡ್ಡಳಿಯನ ಮುಖಕ್ಕೇ.

ಕೊನೆಗೆ ಸ್ವಂತ ಹೆಂಡತಿಯೂ.

"ರೀ, ತಂಗಿ ಗಂಡ ಕೆಲಸ ಮಾಡ್ತಾ ಹಾಡ್ತಿರ್ತಾರೆ, ಎಷ್ಟು ಚೆಂದ ಅಲ್ವಾ?"

"ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೆಲಸ ಮಾಡೋನು ಹಾಡಕ್ಕಾಗಲ್ಲ ಕಣೆ. ಹಾಡ್ತಾನೆ ಅಂದ್ರೆ ಕೆಲಸ ಮಾಡ್ತಿಲ್ಲ ಅಂತ ಅರ್ಥ."

"ನೀವು ಗುಂಡುಸೂಜಿ ತೆಗೆದ ಮೇಲೂ ಹಾಗೇ ಮಾತಾಡ್ತೀರಲ್ಲ," ಎಂದಳು ಅವಳು.

ಅವಳ ಮಾತು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಎಷ್ಟಾದರೂ ದರ್ಜಿಯ ಮಗಳು.

ದೊಡ್ಡಳಿಯ ಕೈಲಾಗದವನಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಕೋಟಿನ ಭುಜ ಕತ್ತರಿಸುವುದರಲ್ಲಿ ಅವನನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ. ಆದರೆ ತನ್ನ ಕೈಗಿಂತ ಅವನಿಗೆ ಹೆಚ್ಚು ನಂಬಿಕೆಯಿದ್ದದ್ದು ಒಂದು ಕೋಣೆಯ ಮೇಲೆ.

ಅದು ಅಂಗಡಿಯ ಹಿಂಭಾಗದ ಕನ್ನಡಿ ಕೋಣೆ. ಗಿರಾಕಿ ಹೊಸ ಕೋಟು ತೊಟ್ಟು ನೋಡಿಕೊಳ್ಳುವ ಜಾಗ. ಗೋಡೆಗೆ ಆಳೆತ್ತರದ ಕನ್ನಡಿ, ನೆಲಕ್ಕೆ ಮರದ ಹಲಗೆ. ಬಹಳ ಹಿಂದೆ, ಮಾವ ಇನ್ನೂ ಮಾವನಾಗುವ ಮೊದಲು, ತಾವೇ ಸುತ್ತಿಗೆ ಹಿಡಿದು ಹೊಡೆದ ಹಲಗೆ. ಹಲಗೆಯ ಮೇಲೆ ಒಂದು ದುಂಡನೆಯ ಮ್ಯಾಟು. "ಮ್ಯಾಟಿನ ಮೇಲೆ ನಿಂತ್ಕೊಳ್ಳಿ ಸಾರ್" ಎಂದರೆ ಯಾವ ಗಿರಾಕಿಯೂ ಯಾಕೆ ಎಂದು ಕೇಳುವುದಿಲ್ಲ. ಮನುಷ್ಯ ದೇವರ ಮಾತು ಮೀರಿದರೂ ದರ್ಜಿಯ ಮಾತು ಮೀರುವುದಿಲ್ಲ. ಕೈಯಲ್ಲಿ ಸೂಜಿ ಇರುತ್ತದಲ್ಲ.

ಆ ಕೋಣೆಗೆ ಶೂ ಹಾಕಿಕೊಂಡು ಹೋಗುವಂತಿರಲಿಲ್ಲ. ಅದು ಅತ್ತೆಯ ಕಟ್ಟಾಜ್ಞೆ. ತಿಳಿಬಣ್ಣದ ಬಟ್ಟೆಯ ಅಂಚು ನೆಲಕ್ಕೆ ತಾಗಿ ಒಮ್ಮೆ ಕೊಳೆಯಾದದ್ದೇ ನೆಪ, ಅಂದಿನಿಂದ ಮಂತ್ರಿಯಾದರೂ ಹೊಸ್ತಿಲಲ್ಲೇ ಶೂ ಬಿಟ್ಟು ಕಾಲುಚೀಲದಲ್ಲಿ ಒಳಗೆ ಹೋಗಬೇಕು.

ಇಷ್ಟು ಎಲ್ಲರಿಗೂ ಗೊತ್ತು. ದೊಡ್ಡಳಿಯನಿಗೆ ಮಾತ್ರ ಗೊತ್ತಿದ್ದ ವಿಷಯ ಬೇರೆ. ಕೋಣೆಯ ಎಡಭಾಗದ ನೆಲ ಮಟ್ಟಸವಾಗಿತ್ತು. ಆದರೆ ಬಲಭಾಗದಲ್ಲಿ, ಯಾವತ್ತೋ ನೀರು ಸೋರಿ ಅಡಿಯ ತೊಲೆ ಮೆತ್ತಗಾಗಿ, ಒಂದು ಹಲಗೆ ಕಣ್ಣಿಗೆ ಕಾಣದಷ್ಟು ಕೆಳಗಿಳಿದಿತ್ತು. ಅಲ್ಲಿ ನಿಂತರೆ ಬಲಗಾಲು ತುಸು ತಗ್ಗಿಗೆ ಬೀಳುತ್ತದೆ. ಕಾಲಿಗೆ ಗೊತ್ತಾಗುವುದಿಲ್ಲ, ಕೋಟಿಗೆ ಗೊತ್ತಾಗುತ್ತದೆ. ಬಲಭುಜ ಇಳಿಯುತ್ತದೆ, ಬಲತೋಳು ಉದ್ದವಾಗುತ್ತದೆ, ಕೋಟಿನ ಅಂಚು ಹೊಟ್ಟೆನೋವು ಬಂದವನ ಬಾಯಂತೆ ಸೊಟ್ಟಗಾಗುತ್ತದೆ.

ಈ ಗುಟ್ಟಿನಿಂದ ದೊಡ್ಡಳಿಯ ಅಂಗಡಿಗೆ ಎಷ್ಟೋ ಉಪಕಾರ ಮಾಡಿದ್ದ. ಅವಸರದಲ್ಲಿ ಬಲಭುಜ ಎತ್ತರವಾಗಿಬಿಟ್ಟ ಕೋಟಿದ್ದರೆ, ಮ್ಯಾಟನ್ನು ಕಾಲಿನಿಂದಲೇ ಮೆಲ್ಲಗೆ ಬಲಕ್ಕೆ ಸರಿಸಿ, "ನಿಂತ್ಕೊಳ್ಳಿ ಸಾರ್" ಎನ್ನುವುದು. ನೆಲ ಕೋಟಿನ ತಪ್ಪನ್ನು ನುಂಗಿಕೊಳ್ಳುತ್ತಿತ್ತು. ಗಿರಾಕಿ ಖುಷಿಯಾಗಿ ಹೋಗುತ್ತಿದ್ದ. ಮನೆಗೆ ಹೋಗಿ ಹಾಕಿಕೊಂಡಾಗ ಸೊಟ್ಟ ಕಂಡರೆ ತನ್ನ ಮನೆಯ ಕನ್ನಡಿಯನ್ನೇ ಬೈದುಕೊಳ್ಳುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ಡೊಂಕಾಗಿದ್ದರಿಂದಲೇ ಕುಣಿತ ನಡೆಯುತ್ತಿತ್ತು.

ಚಿಕ್ಕಳಿಯನಿಗೆ ಇದೊಂದೂ ಗೊತ್ತಿರಲಿಲ್ಲ. ಗೊತ್ತಾಗದಂತೆ ದೊಡ್ಡಳಿಯನೇ ಬೇಲಿ ಹಾಕಿದ್ದ. ಷಡ್ಡಕ ಕೆಲಸಕ್ಕೆ ಸೇರಿದ ಮೊದಲ ದಿನವೇ ಒಂದು ಕಾನೂನು ಮಾಡಿ ಮಾವನಿಂದ ಹೂಂ ಅನ್ನಿಸಿಕೊಂಡಿದ್ದ: ಗಿರಾಕಿಯ ದೇಹದಲ್ಲಿ ಸೊಂಟದಿಂದ ಮೇಲೆ ದೊಡ್ಡಳಿಯನದು, ಸೊಂಟದಿಂದ ಕೆಳಗೆ ಚಿಕ್ಕಳಿಯನದು. ಅವರ ಅಳತೆ ಇವರು ಕೇಳಬಾರದು, ಇವರ ವಿಷಯಕ್ಕೆ ಅವರು ತಲೆ ಹಾಕಬಾರದು. ಬೆಲ್ಟೇ ಗಡಿರೇಖೆ. ಕೋಟು ಸೊಂಟದ ಮೇಲಿನದು, ಹಾಗಾಗಿ ಕನ್ನಡಿ ಕೋಣೆ ಕೋಟಿನವರದು; ಪ್ಯಾಂಟಿನವನು ಹೊರಗೆ ಪರದೆಯ ಮರೆಯಲ್ಲಿ ಟೇಪು ಹಿಡಿಯಲಿ.

ಚಿಕ್ಕಳಿಯ ನಗುತ್ತಲೇ ಒಪ್ಪಿಕೊಂಡಿದ್ದ. ಅದೇ ದೊಡ್ಡಳಿಯನಿಗೆ ಸಿಟ್ಟು. ಜಗಳವಾಡದ ಶತ್ರುವಿನಷ್ಟು ಕಾಟ ಇನ್ನೊಂದಿಲ್ಲ. ಪ್ಯಾಂಟು ಹೊಲಿಯುತ್ತಲೇ ಅವನು ಬಿಡುವಿನಲ್ಲಿ ಮಾವನ ಹಳೆಯ ಕೋಟುಗಳನ್ನು ಬಿಚ್ಚಿ, ನೋಡಿ, ಮತ್ತೆ ಹೊಲಿದು ಕೋಟು ಕತ್ತರಿಸುವುದನ್ನೂ ಕಲಿತುಬಿಟ್ಟಿದ್ದ. ಕಲಿತವನು ಸುಮ್ಮನಿರಬೇಕಲ್ಲ, ಚೆನ್ನಾಗಿಯೂ ಕಲಿತಿದ್ದ.

ಇಷ್ಟು ದಿನ ಹೊಗೆಯಾಡುತ್ತಿದ್ದ ಕಿಚ್ಚಿಗೆ ಗಾಳಿ ಹಾಕಿದ್ದು ಮಾವನ ಹೆಬ್ಬೆರಳು.

ಮಾವನ ಕುರ್ಚಿಯ ಹಿಂದೆ ಮೊಳೆಗೆ ಒಂದು ಕತ್ತರಿ ತೂಗುತ್ತಿತ್ತು. ಮೊಳಕೈಯಷ್ಟು ಉದ್ದದ್ದು, ಹಿಡಿಯೆಲ್ಲ ಸವೆದು ಬೆಳ್ಳಗಾಗಿದ್ದು. ಅದನ್ನು ಮುಟ್ಟುವವನೇ ಅಂಗಡಿಯ ಮೇಸ್ತ್ರಿ, ಇನ್ನೊಬ್ಬರು ಮುಟ್ಟುವಂತಿಲ್ಲ. ಈಗ ಮಾವನ ಹೆಬ್ಬೆರಳಿನ ಕೀಲು ಕೈಕೊಟ್ಟಿತ್ತು. ಕತ್ತರಿ ಹಿಡಿದರೆ ಬಟ್ಟೆಗಿಂತ ಮೊದಲು ಅವರೇ ಕಿರುಚುತ್ತಿದ್ದರು.

ಅದೇ ವಾರ ಟೀವಿಯಲ್ಲಿ ಸುದ್ದಿ ಓದುವವರು ಅಂಗಡಿಗೆ ಬಂದರು. ಊರಿಗೆಲ್ಲ ಪರಿಚಯದ ಮುಖ. ಮುಖ ಮಾತ್ರವಲ್ಲ, ಟೈ, ಎದೆ, ಮೇಜಿನ ಮೇಲಿಟ್ಟ ಕೈಗಳವರೆಗೂ ಎಲ್ಲರಿಗೂ ಪರಿಚಯ. ಅದರಿಂದಾಚೆಗೆ ಅವರಿಗೂ ಕಾಲುಗಳಿವೆ ಎಂಬುದು ಬರೀ ಊಹೆ.

"ಮುಖ್ಯಾಂಶ ಮೊದಲು ಹೇಳ್ಬಿಡ್ತೀನಿ," ಎಂದರು ಅವರು, ಮನೆಯಲ್ಲಿ ಉಪ್ಪು ಕೇಳಲೂ ಬಳಸುತ್ತಿದ್ದಿರಬಹುದಾದ ಅದೇ ದನಿಯಲ್ಲಿ. "ಇಷ್ಟು ವರ್ಷ ಕೂತು ಓದ್ತಿದ್ದೆ. ಇನ್ನು ಮೇಲೆ ನಿಂತು ಓದಬೇಕಂತೆ, ಹೊಸ ಫ್ಯಾಷನ್ನು. ಪೂರ್ತಿ ಆಸಾಮಿ ಕಾಣ್ತೀನಿ. ಎರಡು ಸೂಟು ಬೇಕು. ಜನ ನೋಡಿದ್ರೆ ನೇರವಾಗಿ ಕಾಣಬೇಕು, ಅಷ್ಟೇ."

"ಸುದ್ದಿ ನೇರವಾಗಿದ್ರೆ ಸಾಕಿತ್ತು," ಎಂದರು ಮಾವ.

"ಅದು ನಮ್ಮ ಕೈಲಿಲ್ಲ ಯಜಮಾನ್ರೇ. ಕೋಟು ನಿಮ್ಮ ಕೈಲಿದೆ."

ಕೌಂಟರಿನ ಮುಂದೆಯೇ ದೊಡ್ಡಳಿಯ ಅವರ ಭುಜ, ಎದೆ, ತೋಳು ಅಳೆದ. ನಿಂತ ನಿಲುವು ದಾರಕ್ಕೆ ತೂಗುಬಿಟ್ಟ ಸೀಸದ ಗುಂಡಿನಂತೆ ನೆಟ್ಟಗೆ. ಆಮೇಲೆ ಚಿಕ್ಕಳಿಯ ಅವರನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ ಕಾಲಿನ ಅಳತೆ ತೆಗೆದ. ಅಲ್ಲಿ ಏನೋ ಪಿಸುಮಾತು ನಡೆಯಿತು. ಸುದ್ದಿಯವರು ಪಿಸುಗುಟ್ಟಿದ್ದು ಅದೇ ಮೊದಲಿರಬೇಕು.

ಅವರು ಹೋದ ಮೇಲೆ ಮಾವ ಇಬ್ಬರನ್ನೂ ಕೂರಿಸಿದರು.

"ನೋಡಿ ಅಳಿಯಂದ್ರೇ, ನನ್ನ ಬೆರಳು ರಾಜೀನಾಮೆ ಕೊಟ್ಟಾಯ್ತು. ಎರಡು ಕೋಟು, ಇಬ್ಬರು ನೀವು. ಒಂದೇ ಬಟ್ಟೆ, ಒಂದೇ ಅಳತೆ. ಒಬ್ಬೊಬ್ಬರು ಒಂದೊಂದು ಕತ್ತರಿಸಿ ಹೊಲೀರಿ. ಸುದ್ದಿಯವರಿಗೆ ಯಾವುದು ಯಾರದ್ದು ಅಂತ ಹೇಳೋದು ಬೇಡ. ಅವರು ಯಾವುದು ಚೆನ್ನಾಗಿದೆ ಅಂತಾರೋ ಅದನ್ನ ಹೊಲಿದವರಿಗೆ ಆ ಕತ್ತರಿ."

ದೊಡ್ಡಳಿಯನಿಗೆ ಇಸ್ತ್ರಿಪೆಟ್ಟಿಗೆಯನ್ನೇ ನುಂಗಿದಂತಾಯಿತು. ಸ್ಪರ್ಧೆಯಂತೆ! ಇಷ್ಟು ವರ್ಷ ಈ ಅಂಗಡಿಯ ದೂಳು ಕುಡಿದದ್ದು ಯಾರು? ಮೊನ್ನೆ ಮೊನ್ನೆ ಪ್ಯಾಂಟಿನ ಕಾಲಿನಿಂದ ಮೇಲೆ ಹತ್ತಿ ಬಂದವನ ಜೊತೆ ಸರಿಸಮ ನಿಲ್ಲಬೇಕೆ? ದೊಡ್ಡಳಿಯನೂ ಒಂದೇ, ಚಿಕ್ಕಳಿಯನೂ ಒಂದೇ, ಅಳಿಯ ಅಲ್ಲ ಮಗಳ ಗಂಡ ಅಂದ ಹಾಗಾಯಿತು. ಆದರೆ ಕಿಚ್ಚಿನ ನಡುವೆಯೇ ತಲೆ ತಣ್ಣಗೆ ಕೆಲಸ ಮಾಡಿತು. ಕೋಟು ತೊಟ್ಟು ನೋಡುವುದು ಎಲ್ಲಿ? ಕನ್ನಡಿ ಕೋಣೆಯಲ್ಲಿ. ಕನ್ನಡಿ ಕೋಣೆ ಯಾರದು?

"ಆಗಲಿ ಮಾವ," ಎಂದ. "ಆದರೆ ಒಂದು ಮಾತು. ತೀರ್ಪು ಕನ್ನಡಿ ಮುಂದೆ, ಕೋಣೆ ಒಳಗೇ ಆಗಬೇಕು. ಹೊಸ್ತಿಲು ದಾಟಿ ಹೊರಗೆ ಬಂದ ಮೇಲೆ ಆ ಬೆಳಕಲ್ಲಿ ಹಾಗೆ ಕಾಣ್ತು, ಈ ಬೆಳಕಲ್ಲಿ ಹೀಗೆ ಕಾಣ್ತು, ಇನ್ನೊಂದ್ಸಲ ನೋಡಿ ಅನ್ನೋ ಹಾಗಿಲ್ಲ. ಅಪೀಲು ಇಲ್ಲ."

ಕಿಟಕಿಯ ಬೆಳಕಿನಲ್ಲಿ ಷಡ್ಡಕನ ಕೋಟು ನೆಟ್ಟಗೆ ಕಂಡುಬಿಟ್ಟರೆ ಎಂಬ ಮುಂಜಾಗ್ರತೆ ಅದು.

"ನಿಮಗೇನಪ್ಪಾ?" ಎಂದು ಮಾವ ಚಿಕ್ಕಳಿಯನ ಕಡೆ ತಿರುಗಿದರು.

"ಭಾವ ಹೇಳಿದ ಹಾಗೇ ಆಗಲಿ," ಎಂದ ಅವನು. ಆಗಲೂ ನಗು.

ಅಂದಿನಿಂದ ಅಂಗಡಿಯಲ್ಲಿ ಎರಡು ಕೋಟುಗಳು ಅಕ್ಕಪಕ್ಕದಲ್ಲೇ ಬೆಳೆಯತೊಡಗಿದವು, ಓರಗಿತ್ತಿಯರ ಬಸಿರಿನಂತೆ. ದೊಡ್ಡಳಿಯ ತನ್ನದನ್ನು ಹೊಲಿಯುವುದಕ್ಕಿಂತ ಅವನದನ್ನು ನೋಡುವುದರಲ್ಲೇ ಹೆಚ್ಚು ಬೆವರಿದ. ಷಡ್ಡಕ ಕಾಲರು ಕೂರಿಸಿದರೆ ಇವನ ಕುತ್ತಿಗೆ ಬಿಗಿಯುತ್ತಿತ್ತು. ಅವನು ಕಾಜಾ ಹೊಲಿದರೆ ಇವನ ಎದೆಯಲ್ಲಿ ತೂತು. ಅತ್ತೆ ಹಾದುಹೋಗುವಾಗ ಚಿಕ್ಕಳಿಯನ ಕೋಟಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು, "ಬೆಣ್ಣೆ ಬೆಣ್ಣೆ ಹಾಗಿದೆ" ಅಂದರು. ಅದೇ ಥಾನಿನ ಅದೇ ಬಟ್ಟೆಯ ತೋಳು ಇವನ ಮೇಜಿನ ಮೇಲೂ ಇತ್ತು. ಅದನ್ನು ಮುಟ್ಟಲಿಲ್ಲ. ತನ್ನದು ಸುಣ್ಣವೇ ಇರಬೇಕು.

ಇಂಥ ಉರಿಯಲ್ಲೂ, ಅಥವಾ ಇಂಥ ಉರಿಯಿಂದಲೇ ಇರಬಹುದು, ಅವನ ಕೈ ಎಂದೂ ಮಾಡದ ಕೆಲಸ ಮಾಡುತ್ತಿತ್ತು. ಭುಜ ಬಟ್ಟೆಯೇ ಅಲ್ಲ, ನೀರಿಗೆ ಆಕಾರ ಕೊಟ್ಟಂತೆ ಇಳಿಯುತ್ತಿತ್ತು. ಅದನ್ನು ಅವನು ನೋಡಲೇ ಇಲ್ಲ. ಕಣ್ಣು ಪಕ್ಕದ ಮೇಜಿನ ಮೇಲಿತ್ತಲ್ಲ.

ಒಂದು ಮಧ್ಯಾಹ್ನ ಚಿಕ್ಕಳಿಯ ತಾನಾಗಿಯೇ ಬಂದು ನಿಂತ.

"ಭಾವ, ಸುದ್ದಿಯವರ ಕಾಲಿನ ವಿಷಯ ಒಂದು ಮಾತು ಹೇಳ್ಬೇಕಿತ್ತು. ಕೋಟಿಗೂ..."

"ಸೊಂಟದ ಕೆಳಗಿನ ವಿಷಯ ನನಗೆ ಬೇಡ."

"ಅಲ್ಲ ಭಾವ, ಅವರು ಶೂ ಬಿಚ್ಚಿದಾಗ..."

"ಯಾಕಪ್ಪ, ವಾಸನೆನಾ? ನನ್ನ ಕೋಟಿಗೆ ಮೂಗೂ ಇಲ್ಲ, ಕಾಲೂ ಇಲ್ಲ. ನಿಮ್ಮ ಗಡಿಯಲ್ಲಿ ನೀವಿರಿ, ನನ್ನ ಗಡಿಯಲ್ಲಿ ನಾನಿರ್ತೀನಿ."

ಚಿಕ್ಕಳಿಯ ಇನ್ನೇನೋ ಹೇಳಲು ಬಾಯಿ ತೆರೆದ. ದೊಡ್ಡಳಿಯ ಬಾಯಲ್ಲಿ ಮತ್ತೊಂದಷ್ಟು ಗುಂಡುಸೂಜಿ ಕಚ್ಚಿಕೊಂಡು ತಲೆ ಬಗ್ಗಿಸಿದ.

ಟ್ರಯಲ್ಲಿನ ದಿನ ಬೆಳಗ್ಗೆ, ಮನೆಯವರೆಲ್ಲ ಮೇಲೆ ತಿಂಡಿಯಲ್ಲಿದ್ದಾಗ, ದೊಡ್ಡಳಿಯ ಕೆಳಗಿಳಿದು ಕನ್ನಡಿ ಕೋಣೆ ಸೇರಿದ. ಮ್ಯಾಟನ್ನು ಬಲಕ್ಕೆ, ಇಳಿದ ಹಲಗೆಯ ಮೇಲಕ್ಕೆ ಸರಿಸಿದ. ತಾನೇ ಚಿಕ್ಕಳಿಯನ ಕೋಟು ತೊಟ್ಟು ಅದರ ಮೇಲೆ ನಿಂತ. ಆಹಾ! ಬಲಭುಜ ಕುಸಿಯಿತು, ಅಂಚು ಸೊಟ್ಟಗಾಯಿತು. ಇಷ್ಟು ದಿನದಲ್ಲಿ ಮೊದಲ ಬಾರಿಗೆ ಅವನಿಗೆ ಷಡ್ಡಕನ ಕೋಟು ಬಹಳ ಸುಂದರವಾಗಿ ಕಂಡಿತು. ಮೊದಲು ಅವನದು ಇಲ್ಲಿ. ಆಮೇಲೆ ಮ್ಯಾಟು ಎಡಕ್ಕೆ, ಮಟ್ಟಸ ನೆಲಕ್ಕೆ, ಅಲ್ಲಿ ತನ್ನದು. ಪಾದದ ಒಂದೇ ತಳ್ಳು, ಯಾರ ಕಣ್ಣಿಗೂ ಬೀಳದು. ಮೇಲೆ ಹೋಗಿ ಹಿಡಿ ಮುರಿದ ಕಪ್ಪಿನಲ್ಲೇ ಕಾಫಿ ಕುಡಿದ, ಅಮೃತದಂತಿತ್ತು.

"ಏನ್ರೀ ಇವತ್ತು ನಗ್ತಿದ್ದೀರಿ, ಮೈ ಹುಷಾರಿದೆ ತಾನೆ?" ಎಂದಳು ಹೆಂಡತಿ.

ಸುದ್ದಿಯವರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಹೊಸ್ತಿಲಲ್ಲಿ ಶೂ ಬಿಟ್ಟರು. ಕೋಣೆಯೊಳಗೆ ಮಾವ, ಇಬ್ಬರು ಅಳಿಯಂದಿರು. ಬಾಗಿಲಲ್ಲಿ ಅತ್ತೆ, ಅವರ ಬೆನ್ನ ಹಿಂದೆ ಅಕ್ಕತಂಗಿಯರು. ಕಾಫಿ ತಂದ ನೆಪ.

"ಇದನ್ನ ಮೊದಲು ತೊಡಲಿ," ಎಂದು ದೊಡ್ಡಳಿಯ ಬಹಳ ಔದಾರ್ಯದಿಂದ ಷಡ್ಡಕನ ಕೋಟು ಎತ್ತಿಕೊಟ್ಟ. "ಬನ್ನಿ ಸಾರ್, ಮ್ಯಾಟಿನ ಮೇಲೆ ನಿಂತ್ಕೊಳ್ಳಿ."

ಸುದ್ದಿಯವರು ಹೊಸ್ತಿಲಿನಿಂದ ಮ್ಯಾಟಿನವರೆಗೆ ದೋಣಿಯಲ್ಲಿ ನಡೆದವರಂತೆ ಸ್ವಲ್ಪ ವಾಲಾಡುತ್ತ ಬಂದರು. ಕೂತು ಓದಿ ಓದಿ ನಡೆಯುವುದೇ ಮರೆತಿರಬೇಕು ಎಂದುಕೊಂಡ ದೊಡ್ಡಳಿಯ. ಮ್ಯಾಟಿನ ಮೇಲೆ ನಿಂತರು. ಚಿಕ್ಕಳಿಯ ಹಿಂದಿನಿಂದ ಕೋಟು ತೊಡಿಸಿ ಕಾಲರು ತಡವಿದ.

ಕೋಟು ನೆಟ್ಟಗೆ ನಿಂತಿತು.

ಸೊಟ್ಟಗಲ್ಲ. ನೆಟ್ಟಗೆ. ಎರಡು ಭುಜವೂ ತಕ್ಕಡಿಯ ತಟ್ಟೆಯಂತೆ ಸಮ, ಅಂಚು ಅಡ್ಡಗೆರೆ ಎಳೆದಂತೆ. ಸುದ್ದಿಯವರು ಕನ್ನಡಿಯನ್ನು ನೋಡಿದರು, ಕಾಲನ್ನು ನೋಡಿಕೊಂಡರು, ಮತ್ತೆ ಕನ್ನಡಿಯನ್ನು ನೋಡಿದರು.

"ಅದ್ಭುತ!" ಎಂದರು. ದನಿಯಲ್ಲಿ ಸುದ್ದಿಯ ಗತ್ತು ಇರಲಿಲ್ಲ. "ಶೂ ಇಲ್ಲದೆ ಇಷ್ಟು ನೇರವಾಗಿ ನಾನು ಜೀವಮಾನದಲ್ಲೇ ನಿಂತಿಲ್ಲ. ಏನು ಮಾಡಿದ್ರಿ ಈ ಕೋಟಿಗೆ?"

ದೊಡ್ಡಳಿಯ ಮ್ಯಾಟು ನೋಡಿದ. ಅಲ್ಲೇ ಇದೆ. ಹಲಗೆ ನೋಡಿದ. ಇಳಿದೇ ಇದೆ. ಹಾಗಾದರೆ? ಬಾಗಿಲಿನಿಂದ ಅತ್ತೆಯ "ಬೆಣ್ಣೆ" ಎಂಬ ಪಿಸುಮಾತು ಕೇಳಿಸಿತು. ಹೆಂಡತಿ ತಂಗಿಯ ಕೈ ಹಿಡಿದು ಒತ್ತಿದ್ದು ಕನ್ನಡಿಯಲ್ಲಿ ಕಂಡಿತು. ಹೊಟ್ಟೆಯಲ್ಲಿ ಎದ್ದ ಬೆಂಕಿ ತಲೆಗೇರಿ ಅಲ್ಲಿದ್ದ ಬುದ್ಧಿಯನ್ನೂ ಸುಟ್ಟಿತು. ಉಳಿದ ಬೂದಿಯಲ್ಲಿ ಅವನು ಹೀಗೆ ಯೋಚಿಸಿದ: ಹಾಳು ಜಾಗದಲ್ಲೇ ಅವನ ಕೋಟು ಇಷ್ಟು ನೆಟ್ಟಗೆ ಕಂಡರೆ, ಒಳ್ಳೆ ಜಾಗದಲ್ಲಿ ನನ್ನದು ಇದರಪ್ಪನಂತೆ ಕಾಣಬೇಕು!

ಕೋಟು ಬದಲಾಯಿಸುವ ಸಡಗರದಲ್ಲಿ ಅವನ ಪಾದ ಅಭ್ಯಾಸಬಲದಿಂದ ಮ್ಯಾಟನ್ನು ಎಡಕ್ಕೆ, ಮಟ್ಟಸ ನೆಲಕ್ಕೆ ತಳ್ಳಿತು.

"ಮ್ಯಾಟಿನ ಮೇಲೆ ನಿಂತ್ಕೊಳ್ಳಿ ಸಾರ್."

ನಿಂತರು. ತೊಡಿಸಿದ. ಗುಂಡಿ ಹಾಕಿ ಹೆಮ್ಮೆಯಿಂದ ಹಿಂದೆ ಸರಿದು ಕನ್ನಡಿ ನೋಡಿದ.

ಎಡಭುಜ ಇಳಿದಿತ್ತು. ಎಡತೋಳು ಬೆರಳ ಗೆಣ್ಣಿನವರೆಗೆ ಜಾರಿತ್ತು. ಅಂಚು, ಅವನೇ ಬಯಸಿದ್ದಂತೆ, ಅವನೇ ಕಲ್ಪಿಸಿಕೊಂಡಿದ್ದಂತೆ, ಸೊಟ್ಟಗಾಗಿತ್ತು. ಕೋಟು ಮಾತ್ರ ಅದಲುಬದಲು.

"ಇದು ಯಾಕೋ..." ಎಂದರು ಸುದ್ದಿಯವರು, ವಿಷಾದದ ವಾರ್ತೆಗೆ ಇಟ್ಟುಕೊಂಡ ದನಿಯಲ್ಲಿ. "ಒಂದು ಕಡೆ ಎಳೀತಿದೆ. ಮೊದಲನೇದೇ ಚೆನ್ನಾಗಿತ್ತು."

"ಇಲ್ಲ!" ಎಂದ ದೊಡ್ಡಳಿಯ. ದನಿ ಅವನಿಗೇ ಅಪರಿಚಿತವಾಗಿತ್ತು. "ಸಾರ್, ಒಂದು ನಿಮಿಷ. ಸ್ವಲ್ಪ ಈ ಕಡೆ, ಬಲಗಡೆ ಬಂದು ನಿಂತ್ಕೊಳ್ಳಿ. ಮೊದಲು ನಿಂತಿದ್ರಲ್ಲ, ಅಲ್ಲಿ."

"ಯಾಕೆ?" ಎಂದರು ಮಾವ.

"ಅಲ್ಲ, ಅಲ್ಲಿ ನಿಂತ್ರೆ..."

"ಅಲ್ಲಿಗೂ ಇಲ್ಲಿಗೂ ಏನು ವ್ಯತ್ಯಾಸ ಅಳಿಯಂದ್ರೇ? ಒಂದೇ ಕೋಣೆ, ಒಂದೇ ಕನ್ನಡಿ, ಒಂದೇ ನೆಲ ತಾನೆ?"

ದೊಡ್ಡಳಿಯ ಬಾಯಿ ತೆರೆದ. ನೆಲ ಡೊಂಕು ಮಾವ ಎನ್ನಬೇಕು. ಎಂದರೆ, ಅದು ನಿಮಗೆ ಹೇಗೆ ಗೊತ್ತು ಎನ್ನುತ್ತಾರೆ. ಗೊತ್ತಿದ್ದೂ ಅವರ ಕೋಟಿಗೆ ಮ್ಯಾಟು ಅಲ್ಲಿ ಹೇಗೆ ಬಂತು ಎನ್ನುತ್ತಾರೆ. ಇಷ್ಟು ವರ್ಷದ ಗಿರಾಕಿಗಳೆಲ್ಲ ಸೊಟ್ಟ ಭುಜ ಹೊತ್ತುಕೊಂಡು ಕಣ್ಣ ಮುಂದೆ ಸಾಲಾಗಿ ಬಂದು ನಿಂತರು. ಆ ಕುಣಿಯಲಾರದವಳಿಗಾದರೂ ನೆಲ ಡೊಂಕು ಎಂದುಬಿಡುವ ಸ್ವಾತಂತ್ರ್ಯವಿತ್ತು. ಚೆನ್ನಾಗಿ ಕುಣಿಯಬಲ್ಲ ಇವನಿಗೆ, ನೆಲ ನಿಜಕ್ಕೂ ಡೊಂಕಾಗಿರುವ ಇವನಿಗೆ, ಅದೂ ಇರಲಿಲ್ಲ. ತೆರೆದ ಬಾಯಿಯನ್ನು ಅವನೇ ಹೊಲಿದುಕೊಂಡ.

"ವ್ಯತ್ಯಾಸ ಇಲ್ಲ," ಎಂದ.

"ಹಾಗಾದ್ರೆ ಮುಗೀತು."

ಸುದ್ದಿಯವರು ಮ್ಯಾಟಿನಿಂದ ಇಳಿದು, ದೊಡ್ಡಳಿಯನ ಕೋಟು ಮೈಮೇಲಿರುವಾಗಲೇ, ವಾಲಾಡುತ್ತ ಹೊಸ್ತಿಲು ದಾಟಿ ಹೋಗಿ ಶೂ ಹಾಕಿಕೊಳ್ಳಲು ಕೂತರು. ಆಗ ದೊಡ್ಡಳಿಯನಿಗೆ ಆ ಶೂ ಕಂಡಿತು. ಬಲಗಾಲಿನದು ಸಾಮಾನ್ಯ. ಎಡಗಾಲಿನದರ ಅಡಿಯಲ್ಲಿ ಬೆರಳು ದಪ್ಪದ ಇನ್ನೊಂದು ಅಟ್ಟೆ. ಪ್ಯಾಂಟಿನ ಅಂಚು ಇಳಿದರೆ ಮುಚ್ಚಿಹೋಗುವಂಥದ್ದು.

"ಎಡಗಾಲು ಸ್ವಲ್ಪ ಗಿಡ್ಡ ನನ್ನದು," ಎಂದರು ಅವರು, ಹವಾಮಾನ ವರದಿಯಷ್ಟೇ ಸರಾಗವಾಗಿ. "ಹುಟ್ಟಿನಿಂದಲೂ. ಮೇಜಿನ ಹಿಂದೆ ಕೂತಿರೋನಿಗೆ ಯಾರು ನೋಡ್ತಾರೆ? ಪ್ಯಾಂಟಿನ ಅಳತೆ ತೆಗೆಯುವಾಗ ಇವರಿಗೆ ಹೇಳಿದ್ದೆ, ನಿಮ್ಮ ಕೋಟಿನವರಿಗೂ ಹೇಳಿಬಿಡಿ ಅಂತ."

"ನಾನು ಹೇಳಕ್ಕೆ ಬಂದೆ ಭಾವ," ಎಂದ ಚಿಕ್ಕಳಿಯ. ಈಗ ಅವನು ನಗುತ್ತಿರಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಎಡಗಾಲು ಗಿಡ್ಡ. ಬಲಗಡೆ ನೆಲ ತಗ್ಗು. ಎರಡು ಸೊಟ್ಟ ಸೇರಿ ಒಂದು ನೆಟ್ಟಗೆ. ಷಡ್ಡಕನನ್ನು ಬೀಳಿಸಲು ತೋಡಿದ ತಗ್ಗು ಗಿರಾಕಿಯ ಕಾಲಿಗೆ ಅಟ್ಟೆಯಾಗಿ, ಷಡ್ಡಕನಿಗೆ ಪೀಠವಾಗಿತ್ತು. ಮ್ಯಾಟನ್ನು ಮುಟ್ಟದೆ ಸುಮ್ಮನಿದ್ದಿದ್ದರೆ ಇಬ್ಬರದೂ ಒಂದೇ ಥರ ಸೊಟ್ಟ ಕಾಣುತ್ತಿತ್ತು.

ಶೂ ಲಾಡಿ ಕಟ್ಟಿ ಸುದ್ದಿಯವರು ಎದ್ದು ನಿಂತರು. ಕಿಟಕಿಯ ಬೆಳಕು ಮೈಮೇಲೆ ಬಿತ್ತು.

ದೊಡ್ಡಳಿಯನ ಕೋಟು ಅವರ ಮೈಮೇಲೆ ಹುಟ್ಟಿದಾಗಲೇ ಬಂದದ್ದೇನೋ ಎಂಬಂತೆ ಕೂತಿತ್ತು. ಭುಜ ಎಲ್ಲಿ ಮುಗಿಯಿತು, ತೋಳು ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಅತ್ತೆ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟು ಹತ್ತಿರ ಬಂದು ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಬೆಣ್ಣೆಗಿಂತ ಮೇಲಿನ ಮಾತು ಅವರಿಗೆ ಸಿಗಲಿಲ್ಲ.

"ಅರೆ!" ಎಂದರು ಸುದ್ದಿಯವರು, ಕಿಟಕಿ ಗಾಜಿನಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತ. "ಇದೇನು, ಇದು ಅದಕ್ಕಿಂತ ಚೆನ್ನಾಗಿದೆಯಲ್ಲ! ಬಹಳ ಚೆನ್ನಾಗಿದೆ!"

"ಭಾವನ ಕೈಯೇ ಬೇರೆ," ಎಂದ ಚಿಕ್ಕಳಿಯ. "ನಾನು ಹತ್ತು ಸಲ ಬಿಚ್ಚಿ ಹೊಲಿದ್ರೂ ಆ ಭುಜ ಬರಲ್ಲ ಮಾವ."

ಮಾವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ನಿಜ," ಎಂದರು. "ಇಂಥ ಭುಜ ನಾನೂ ಕತ್ತರಿಸಿಲ್ಲ."

ದೊಡ್ಡಳಿಯನ ಎದೆ ಉಬ್ಬಿತು, ಕಣ್ಣು ತಾನಾಗಿಯೇ ಕುರ್ಚಿಯ ಹಿಂದಿನ ಮೊಳೆಯ ಕಡೆ ಹೋಯಿತು. ಮಾವ ಅತ್ತ ನಡೆದರು, ನೋಯುವ ಹೆಬ್ಬೆರಳನ್ನು ಮಡಚಿಕೊಂಡು ಕತ್ತರಿಯನ್ನು ಎರಡೂ ಕೈಯಲ್ಲಿ ಇಳಿಸಿದರು, ತಂದು ಚಿಕ್ಕಳಿಯನ ಮೇಜಿನ ಮೇಲಿಟ್ಟರು.

"ತಗೊಳ್ಳಿ. ಮೇಸ್ತ್ರಿಯಾಗಿ ಮೊದಲನೇ ಕೆಲಸ: ನಾಳೆ ಬಡಗಿಯನ್ನ ಕರೆಸಿ. ಕನ್ನಡಿ ಕೋಣೆಯಲ್ಲಿ ಬಲಗಡೆ ಹಲಗೆ ಇಳಿದಿದೆ. ನಾನೇ ಹೊಡೆದದ್ದು, ನನಗೆ ಗೊತ್ತಿಲ್ವಾ?"

ದೊಡ್ಡಳಿಯನ ಕಿವಿ ಸುಟ್ಟ ಬಟ್ಟೆಯ ವಾಸನೆ ಬರುವಷ್ಟು ಕಾದಿತು. ಆದರೂ ಆಸೆ ಬಿಡಲಿಲ್ಲ.

"ಮಾವ," ಎಂದ, "ಈಗ ತಾನೇ ಸುದ್ದಿಯವರೇ ಹೇಳಿದ್ರಲ್ಲ, ನನ್ನದೇ ಚೆನ್ನಾಗಿದೆ ಅಂತ. ಎಲ್ಲರೂ ಕೇಳಿಸ್ಕೊಂಡ್ರು. ನೀವೂ ಒಪ್ಪಿದ್ರಿ."

"ಒಪ್ಪಿದೆ. ಆದ್ರೆ ಷರತ್ತು ಹಾಕಿದ್ದು ನೀವೇ. ಅವರು ಎಲ್ಲಿ ನಿಂತು ಹೇಳಿದ್ರು?"

ಎಲ್ಲರೂ ಕೆಳಗೆ ನೋಡಿದರು. ಸುದ್ದಿಯವರೂ ಬಗ್ಗಿ ನೋಡಿಕೊಂಡರು. ಅವರ ಎರಡೂ ಶೂಗಳು, ತೆಳು ಅಟ್ಟೆಯದೂ ದಪ್ಪ ಅಟ್ಟೆಯದೂ, ಕನ್ನಡಿ ಕೋಣೆಯ ಹೊಸ್ತಿಲಿನಿಂದ ಒಂದೇ ಒಂದು ಹೆಜ್ಜೆ ಹೊರಗಿದ್ದವು.